ಹತ್ತೂವರೆಯ ಕಾಫಿ

"ಲಘುವಾಗಿ ಬರೀರಿ ಮೇಡಂ. ನಗು ಬರೋ ಹಾಗಿರಲಿ. ನಮ್ಮ ಕಾಲದ ಲ್ಯಾಬು, ಆಗಿನ ಮಜಾ, ಅಷ್ಟೇ. ಎರಡು ಪುಟ ಸಾಕು" ಎಂದು ಗುರುಶಾಂತಪ್ಪ ಫೋನಿನಲ್ಲಿ ಹೇಳಿದಾಗ ನಾನು ಹೂಂ ಎಂದೆ. ಹೂಂ ಎಂದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾಲೇಜಿಗೆ ಐವತ್ತು ವರ್ಷ ತುಂಬಿತ್ತು. ರಸಾಯನಶಾಸ್ತ್ರ ವಿಭಾಗದವರು ನೆನಪಿನ ಪುಸ್ತಕ ತರುತ್ತಿದ್ದರು, ಗುರುಶಾಂತಪ್ಪ ಅದರ ಸಂಪಾದಕರು. ನಾನು ಸರ್ವಮಂಗಳ, ಅದೇ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಡೆಮಾನ್‌ಸ್ಟ್ರೇಟರ್ ಆಗಿದ್ದವಳು. ಕೂತು ಎರಡು ಪುಟ ಬರೆದೆ. ಓದಿ ನೋಡಿದರೆ ಅದರಲ್ಲಿ ನಗುವಿತ್ತು, ನಮ್ಮ ಅಟೆಂಡರ್ ಕೆಂಪಾಜಮ್ಮ ಇರಲಿಲ್ಲ. ಹರಿದು ಒಲೆಗೆ ಹಾಕಿದೆ. ಈಗ ಬರೆಯುತ್ತಿರುವುದು ಅವರ ಪುಸ್ತಕಕ್ಕಲ್ಲ.

ನಗುವಿತ್ತು ಎಂಬುದು ಸುಳ್ಳಲ್ಲ. ಆಗ ನಮ್ಮ ಲ್ಯಾಬಿನಲ್ಲಿ ಕೈಗವಸು ಕಂಡವರಿಲ್ಲ. ಕನ್ನಡಕ ಹಾಕುತ್ತಿದ್ದವರು ದೃಷ್ಟಿ ಮಂದವಾದವರು ಮಾತ್ರ. ಆಸಿಡ್ಡನ್ನು ಪಿಪೆಟ್ಟಿಗೆ ಬಾಯಿಂದಲೇ ಎಳೆಯುತ್ತಿದ್ದೆವು, ಎಳನೀರು ಹೀರುವ ಹಾಗೆ. ಕಿರಿಯ ಲೆಕ್ಚರರುಗಳು ಅಂಗೈ ಮೇಲೆ ಪಾದರಸ ಉರುಳಾಡಿಸಿ ಪಂದ್ಯ ಕಟ್ಟುತ್ತಿದ್ದರು. ಒಂದು ಸಲ ಗುರುಶಾಂತಪ್ಪ ಅವರೆಕಾಳಿನಷ್ಟು ಸೋಡಿಯಂ ಸಿಂಕಿಗೆ ಎಸೆಯುತ್ತೇನೆಂದು ಹೋಗಿ ನಿಂಬೆಹಣ್ಣಿನಷ್ಟು ಎಸೆದರು. ಸಿಂಕು, ಕಿಟಕಿ, ಅವರ ಅರ್ಧ ಮೀಸೆ ಎಲ್ಲ ಒಟ್ಟಿಗೇ ಹೋದವು. ಉಳಿದರ್ಧ ಮೀಸೆಯಲ್ಲೇ ಮಹಾನುಭಾವರು ಮಧ್ಯಾಹ್ನದ ಕ್ಲಾಸು ತೆಗೆದುಕೊಂಡರು. ಇನ್ನು ಬೇಸರವಾದ ದಿನ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಮಾಡಿ ಪಕ್ಕದ ಇತಿಹಾಸ ವಿಭಾಗದ ಕಡೆ ಬಿಟ್ಟು, ಆ ಮೇಷ್ಟ್ರುಗಳು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದನ್ನು ಬಾಗಿಲ ಸಂದಿಯಿಂದ ಇಣುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಎಲ್ಲರಿಗಿಂತ ದೊಡ್ಡ ಹೆಸರು ವಿಭಾಗದ ಮುಖ್ಯಸ್ಥರಾದ ಶೇಷಗಿರಿರಾಯರದು. ಹೊಸ ಬ್ಯಾಚು ಬಂದಾಗ ಅವರ ಮೊದಲ ಪಾಠ ಒಂದೇ. "ನೈಟ್ರಿಕ್ ಆಸಿಡ್ ಪ್ರೋಟೀನನ್ನು ಹಳದಿ ಮಾಡುತ್ತದೆ. ಎಲ್ಲಿದೆ ಪ್ರೋಟೀನು?" ಎಂದು ಕೇಳುತ್ತಿದ್ದರು. ಹುಡುಗರು ಮೊಟ್ಟೆ, ಹಾಲು, ಬೇಳೆ ಎನ್ನುತ್ತಿದ್ದರು. ರಾಯರು "ಇಲ್ಲಿದೆ!" ಎಂದು ತಮ್ಮ ಎಡಗೈ ತೋರುಬೆರಳನ್ನೇ ಆಸಿಡ್ಡಿನಲ್ಲಿ ಅದ್ದುತ್ತಿದ್ದರು. ಬೆರಳು ಹಳದಿಯಾಗುತ್ತಿತ್ತು, ಹುಬ್ಬು ಕೂಡ ಅಲುಗುತ್ತಿರಲಿಲ್ಲ. ಹುಡುಗರ ಚಪ್ಪಾಳೆಗೆ ಗಾಜಿನ ಬಾಟಲಿಗಳು ಗಲಗಲ ಅನ್ನುತ್ತಿದ್ದವು. ಅವರಿಗೆ ವಜ್ರದೇಹಿ ರಾಯರು ಎಂದೇ ಹೆಸರಾಯಿತು. ಈ ಪಾಠ ಯಾವತ್ತೂ ಹತ್ತೂವರೆಯ ಕಾಫಿ ಕುಡಿದ ಮೇಲೆಯೇ ನಡೆಯುತ್ತಿತ್ತು.

ನಮ್ಮೂರಲ್ಲಿ ಪೆಟ್ಟು ಬಿದ್ದವರಿಗೆ ಗಾಯ, ಬಡಿಸಿದವರಿಗೆ ನೋವು. ಹೊರಗಿನಿಂದ ಬಂದ ಸೊಸೆಯಂದಿರಿಗೆ ಮೊದಲ ದಿನವೇ ಹೇಳಿಕೊಡುವ ಮಾತು ಇದು. ಕೊನೆಯದಾಗಿ ಯಾರ ಕೈಯಿಂದ ಉಂಡಿರೋ, ಕುಡಿದಿರೋ, ನಿಮ್ಮ ಗಾಯದ ನೋವು ಅವರ ಪಾಲಿಗೆ. ನೀವೇ ತೆಗೆದುಕೊಂಡು ತಿಂದರೆ ನಿಮ್ಮದು ನಿಮಗೇ. ಅದಕ್ಕೇ ನಮ್ಮ ಹೋಟೆಲುಗಳಲ್ಲಿ ದೋಸೆಯನ್ನು ಮೇಜಿನ ಮೇಲಿಟ್ಟು ಮಾಣಿ ಒಳಗೆ ಓಡಿಹೋಗುತ್ತಾನೆ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರು ಯಾರೆಂದು ಚೀಟಿ ಎತ್ತುತ್ತಾರೆ. ಉಂಡವರೆಲ್ಲ ಕ್ಷೇಮವಾಗಿ ಮನೆ ಸೇರಿದರೆಂದು ಸುದ್ದಿ ಬರುವವರೆಗೆ ಬಡಿಸಿದವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಅತ್ತೆಯ ಮೇಲೆ ಮುನಿದ ಸೊಸೆ ಅತ್ತೆಯ ಕೈಯಲ್ಲೇ ಬಡಿಸಿಕೊಂಡು ಉಂಡು, ಎದ್ದುಹೋಗಿ ಹೊಸ್ತಿಲಿಗೆ ಕಾಲಿನ ಕಿರುಬೆರಳು ಚಚ್ಚಿಕೊಳ್ಳುತ್ತಾಳೆ. ಹೆರಿಗೆಯ ದಿನ ಹತ್ತಿರ ಬಂದಾಗ ತಾಯಂದಿರು ಬಸ್ಸು ಹತ್ತಿ ಬಂದು ಮಗಳಿಗೆ ಬಡಿಸುತ್ತಾರೆ, ಗಂಡಂದಿರಿಗೆ ಆ ವಾರ ಊರಾಚೆ ತುರ್ತು ಕೆಲಸ ಬರುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಪಕ್ಕದಲ್ಲೇ ಬಡಿಸಿದವರ ಕೋಣೆ ಎಂದು ಒಂದಿದೆ. ಅಲ್ಲಿ ಒಂದು ಮಂಚ, ಹಲ್ಲಿನಲ್ಲಿ ಕಚ್ಚಿಕೊಳ್ಳಲು ಒಂದು ಮಡಿಸಿದ ಟವೆಲು ಇಟ್ಟಿರುತ್ತಾರೆ.

ನಮ್ಮ ಲ್ಯಾಬಿನಲ್ಲಿ ಕಾಫಿ ಕೊಡುತ್ತಿದ್ದವಳು ಕೆಂಪಾಜಮ್ಮ. ಅಟೆಂಡರ್ ಕೆಲಸಕ್ಕೆ ಬಂದವಳು. ಟೆಸ್ಟ್‌ಟ್ಯೂಬು ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಆದರೆ ಸಂದರ್ಶನದಲ್ಲಿ ರಾಯರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, "ಕಾಫಿ ಚೆನ್ನಾಗಿ ಮಾಡ್ತೀಯೇನಮ್ಮಾ?" ಬೆಳಿಗ್ಗೆ ಹತ್ತೂಕಾಲಿಗೆ ಅವಳು ಬರ್ನರ್ ಹಚ್ಚಿ, ದೊಡ್ಡ ಬೀಕರಿನಲ್ಲಿ ಹಾಲು ಕಾಯಿಸಿ, ಫಿಲ್ಟರ್ ಪೇಪರಿನಲ್ಲಿ ಡಿಕಾಕ್ಷನ್ ಇಳಿಸಿ, ಹತ್ತು ಚಿಕ್ಕ ಬೀಕರುಗಳಿಗೆ ಸುರಿದು, ಒಂದೊಂದಕ್ಕೂ ಬಟ್ಟೆ ಸುತ್ತಿ ನಮ್ಮ ನಮ್ಮ ಕೈಗೇ ಕೊಡುತ್ತಿದ್ದಳು. ಬೆಂಚಿನ ಮೇಲೆ ಇಟ್ಟುಹೋದರೆ ರಾಯರಿಗೆ ಆಗುತ್ತಿರಲಿಲ್ಲ. "ಕೈಗೆ ಕೊಡಬೇಕಮ್ಮ, ಮರ್ಯಾದೆ ಅನ್ನೋದು ಒಂದಿರುತ್ತೆ" ಎನ್ನುತ್ತಿದ್ದರು. ಮನೆಯಲ್ಲಿ ಅವಳ ಜಾತಿಯವರು ಮುಟ್ಟಿದ ಬಿಂದಿಗೆಯನ್ನು ಮೂರು ಸಲ ಬೆಳಗಿಸುತ್ತಿದ್ದ ಮಡಿವಂತರು ಲ್ಯಾಬಿನಲ್ಲಿ ಅವಳ ಕೈಯ ಕಾಫಿಯನ್ನು ಒಂದು ದಿನವೂ ಬೇಡ ಎಂದವರಲ್ಲ. ಎಂಥ ಔದಾರ್ಯ ನೋಡಿ!

ಕಾಫಿ ಆದ ಮೇಲೆ ಅವಳು ಹಿಂದಿನ ಕೋಣೆಗೆ ತೊಳೆಯಲು ಹೋಗುತ್ತಿದ್ದಳು. ಇಲ್ಲಿ ರಾಯರು ಬೆರಳು ಅದ್ದುವುದಕ್ಕೂ ಅಲ್ಲಿ ನಲ್ಲಿ ಜೋರಾಗಿ ಬಿಡುವ ಸದ್ದಿಗೂ ಸರಿಹೋಗುತ್ತಿತ್ತು. ಗುರುಶಾಂತಪ್ಪ ರಬ್ಬರ್ ಬಿರಡೆಗೆ ಗಾಜಿನ ನಳಿಗೆ ತುರುಕಲು ಹೋಗಿ ಅದು ಮುರಿದು ಅಂಗೈಗೆ ನಾಟಿಕೊಂಡರೆ, ಅವರು ರಕ್ತ ಒರೆಸಿಕೊಳ್ಳುತ್ತ ಸಿನಿಮಾ ಕಥೆ ಮುಂದುವರಿಸುತ್ತಿದ್ದರು. ಹಿಂದಿನಿಂದ ನಲ್ಲಿಯ ಸದ್ದು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಟ್ಯಾಂಕು ಖಾಲಿಯಾಗುತ್ತಿತ್ತು. "ಕೆಂಪಾಜಮ್ಮನಿಗೆ ನೀರಿನ ಹುಚ್ಚು, ಹಿಂದಿನ ಜನ್ಮದಲ್ಲಿ ಮೀನಾಗಿದ್ದಳೋ ಏನೋ" ಎಂದು ನಗುತ್ತಿದ್ದರು. ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಹುಟ್ಟಿದ ಊರಿನ ಕಟ್ಟಳೆ ಯಾರಿಗೆ ಗೊತ್ತಿರುವುದಿಲ್ಲ? ಗೊತ್ತಿದ್ದೇ ಆ ಧೈರ್ಯ. ಬೇರೆಯವರ ಮೈಮೇಲೆ ಕೂತು ವಜ್ರದೇಹಿಯಾಗಲು ಏನು ಕಷ್ಟ? ನಾನು ಆರು ವರ್ಷ ಅವಳ ಕೈಯ ಕಾಫಿ ಕುಡಿದೆ. ಕುಡಿದು ಬರ್ನರ್ ಮುಟ್ಟಿ ಸುಟ್ಟುಕೊಂಡಾಗ, ಏನೂ ಆಗಲೇ ಇಲ್ಲವಲ್ಲ ಎಂದು ಬೊಬ್ಬೆಯನ್ನು ಎಲ್ಲರಿಗೂ ತೋರಿಸಿದ್ದೇನೆ.

ಏಳನೆಯ ವರ್ಷ ಅವಳ ಮಗಳಿಗೆ ದಿನ ತುಂಬಿತ್ತು. ಬಡಿಸಬೇಕು ಎಂದು ಕೆಂಪಾಜಮ್ಮ ಎರಡು ದಿನ ರಜೆ ಹಾಕಿ ಹೋದಳು. "ಮಂಗಳಾ, ಇವತ್ತು ಕಾಫಿ ನಿನ್ನ ಕೈಯದು" ಎಂದರು ರಾಯರು. ವಿಭಾಗದಲ್ಲಿ ಉಳಿದಿದ್ದ ಹೆಂಗಸು ನಾನೊಬ್ಬಳೇ. ಮಾಡಿದೆ, ಒಬ್ಬೊಬ್ಬರ ಕೈಗೂ ಕೊಟ್ಟೆ, ಹೊಗಳಿದಾಗ ಹಿಗ್ಗಿದೆ ಕೂಡ. ಅವತ್ತೇ ಹೊಸ ಬ್ಯಾಚಿನ ಮೊದಲ ಪಾಠ. ನಾನು ತಕ್ಕಡಿಯ ಮುಂದೆ ಕೂತು ಉಪ್ಪು ತೂಗುತ್ತಿದ್ದೆ. ಆ ಕಡೆಯಿಂದ "ಇಲ್ಲಿದೆ!" ಎಂಬ ದನಿ ಕೇಳಿತು, ನನ್ನ ಎಡಗೈ ಬೆರಳಿಗೆ ಕಾದ ಸೂಜಿ ಚುಚ್ಚಿ ಒಳಗೇ ತಿರುವಿದ ಹಾಗಾಯಿತು. ನೋಡಿದರೆ ಬೆರಳು ಇದ್ದ ಹಾಗೇ ಇದೆ. ಕಲೆಯಿಲ್ಲ, ಗಾಯವಿಲ್ಲ. ಆ ಕಡೆ ಚಪ್ಪಾಳೆ. ನಾನು ಓಡಿಹೋಗಿ ಹಿಂದಿನ ಕೋಣೆಯ ನಲ್ಲಿಯ ಕೆಳಗೆ ಕೈಯಿಟ್ಟೆ. ನೀರು ಬಿದ್ದರೂ ಏನೂ ಕಡಿಮೆಯಾಗಲಿಲ್ಲ, ಸುಡುತ್ತಿದ್ದುದು ನನ್ನ ಬೆರಳಲ್ಲವಲ್ಲ. ಆದರೆ ನಲ್ಲಿ ಜೋರಾಗಿ ಬಿಟ್ಟರೆ ನಾನು ಅರಚುವುದು ಹೊರಗೆ ಕೇಳುವುದಿಲ್ಲ ಎಂದು ಅವತ್ತು ನನಗೆ ತಿಳಿಯಿತು. ಸಂಜೆಯೊಳಗೆ ಇನ್ನೂ ನಾಲ್ಕು ಸಲ ಓಡಿದೆ.

ಕೆಂಪಾಜಮ್ಮ ವಾಪಸು ಬಂದಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಅವಳೇ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. "ಒಂದಿನಕ್ಕೇ ಹಿಂಗಾಗೋದ್ರಾ ಮೇಡಮ್ಮೋರೇ?" ಎಂದಳು. ಅಷ್ಟೇ. ಬರ್ನರ್ ಹಚ್ಚಿ ಹಾಲಿಟ್ಟಳು. ಅವತ್ತಿನಿಂದ ನನ್ನ ಕಾಫಿ ನಾನೇ ಬಗ್ಗಿಸಿಕೊಂಡೆ. ಅದೊಂದು ದೊಡ್ಡ ತ್ಯಾಗ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಉಳಿದ ಒಂಬತ್ತು ಮಂದಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಮೇಲಿನ ಆಫೀಸಿಗೆ ಒಂದು ಪತ್ರ ಬರೆದೆ. ಲ್ಯಾಬಿನಲ್ಲಿ ಆಸಿಡ್ಡಿನ ಆಟ ನಡೆಯುತ್ತದೆ, ಬರ್ನರಿನಲ್ಲಿ ಕಾಫಿ ಕಾಯಿಸುತ್ತಾರೆ, ಪ್ರಾಣಾಪಾಯವಿದೆ ಎಂದು ಬರೆದೆ. ಹೆಸರು ಹಾಕಲಿಲ್ಲ. ಎರಡು ವರ್ಷವಾದ ಮೇಲೆ ಇನ್ಸ್‌ಪೆಕ್ಟರು ಬಂದರು, ಅವರ ಬೆನ್ನಿಗೇ ಇಪ್ಪತ್ತೆರಡು ನಿಯಮಗಳ ಬೋರ್ಡು ಬಂತು. ಮೊದಲನೆಯದು: ಪ್ರಯೋಗಾಲಯದಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ಕಾಫಿ ನಿಂತಿತು. ಮಾರನೆಯ ದಿನದಿಂದ ರಾಯರು ಕೈಗವಸು ಹಾಕಿಕೊಂಡರು, ವಜ್ರದೇಹಕ್ಕೆ ಒಮ್ಮೆಲೇ ಚಳಿ ಹತ್ತಿದ ಹಾಗೆ. ಪತ್ರ ಬರೆದ ಮನೆಹಾಳ ಯಾರು ಎಂದು ವರ್ಷಗಟ್ಟಲೆ ಹುಡುಕಿದರು. ಇಪ್ಪತ್ತೆರಡು ನಿಯಮಗಳಲ್ಲಿ ಒಂದರಲ್ಲೂ ಕೆಂಪಾಜಮ್ಮನ ಹೆಸರಿಲ್ಲ.

ಪುಸ್ತಕ ಬಿಡುಗಡೆಯನ್ನು ಹಳೆಯ ಲ್ಯಾಬಿನಲ್ಲೇ ಇಟ್ಟುಕೊಂಡಿದ್ದರು, ಒಂದು ಭಾನುವಾರ ಬೆಳಿಗ್ಗೆ. ಬೆಂಚುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ನಿಯಮಗಳ ಬೋರ್ಡಿಗೆ ಯಾರೋ ತಮಾಷೆಗೆ ಹೂವಿನ ಹಾರ ಹಾಕಿದ್ದರು, ಸತ್ತವರ ಫೋಟೋಗೆ ಹಾಕುವ ಹಾಗೆ. ಗುರುಶಾಂತಪ್ಪ ಮೈಕು ಹಿಡಿದು ಅರ್ಧ ಮೀಸೆಯ ಕಥೆ ಹೇಳಿದರು. ಅಂಗೈಯ ಗಾಜಿನ ಕಲೆ ಎತ್ತಿ ತೋರಿಸಿದರು, ಚಪ್ಪಾಳೆ ಬಿತ್ತು. ಆಮೇಲೆ ನೀರಿನ ಹುಚ್ಚಿನ ಕಥೆ, ಹಿಂದಿನ ಜನ್ಮದ ಮೀನಿನ ಕಥೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮೈ ಉರಿಯುತ್ತಿತ್ತು. ಇವರ ಮೈಮೇಲೆ ಎಷ್ಟೊಂದು ಕಲೆ, ತೋರಿಸಿಕೊಳ್ಳಲು ಎಷ್ಟು ಅನುಕೂಲ! ಅವಳ ಕೈಯಲ್ಲಿ ಒಂದಾದರೂ ಇದೆಯೇ ತೋರಿಸಲು? "ಈಗ ನಿಮಗೆಲ್ಲ ಒಂದು ಸರ್ಪ್ರೈಸು" ಎಂದರು ಗುರುಶಾಂತಪ್ಪ. ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಕೆಂಪಾಜಮ್ಮ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಅಂಚಿರುವ ಹೊಸ ಸೀರೆ. ಕೈಯಲ್ಲಿ ಟ್ರೇ, ಅದರ ತುಂಬ ಬಟ್ಟೆ ಸುತ್ತಿದ ಬೀಕರುಗಳು, ಹಬೆಯಾಡುವ ಕಾಫಿ.

"ಓಹೋ, ಬಾರಮ್ಮಾ ಬಾ!" ಎಂದು ಶೇಷಗಿರಿರಾಯರು ಮುಂದಿನ ಸಾಲಿನಿಂದಲೇ ಕೈಚಾಚಿದರು. ಅವರಿಗೀಗ ಎಂಬತ್ತನಾಲ್ಕು. ಊರುಗೋಲು ಪಕ್ಕದಲ್ಲಿತ್ತು. "ನನಗೇ ಮೊದಲು ಕೊಡು. ಇವತ್ತು ಸಂಜೆ ಮಂಡಿ ಆಪರೇಷನ್ನು ಕಣ್ರಪ್ಪಾ, ಎರಡೂ ಮಂಡಿ! ಇನ್ನು ಏನೂ ತಿನ್ನಬಾರದು, ಕುಡೀಬಾರದು ಅಂದಿದಾರೆ ಡಾಕ್ಟ್ರು. ಇದೇ ಕೊನೆ. ಇವಳ ಕಾಫಿ ಕುಡಿದು ಸೀದಾ ಆಸ್ಪತ್ರೆಗೆ" ಎಂದರು. ಸಭೆ ಮತ್ತೆ ನಕ್ಕಿತು. ಅರ್ಥವಾಗದೆ ನಕ್ಕವರು ಯಾರೂ ಅಲ್ಲಿರಲಿಲ್ಲ. ರಾಯರ ಮಗ ಸೊಸೆ ಮೂರು ದಿನದಿಂದ ಅಡಿಗೆ ಮಾಡಿ ಮೇಜಿನ ಮೇಲಿಟ್ಟು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಾರೆಂದು ಇಡೀ ಬೀದಿಗೆ ಗೊತ್ತಿತ್ತು. ಬಡಿಸಿದವರ ಕೋಣೆಯಲ್ಲಿ ಟವೆಲು ಕಚ್ಚಿಕೊಂಡು ಮಲಗಲು ಹೆತ್ತ ಮಗನೇ ಒಲ್ಲೆ ಎಂದದ್ದನ್ನು ಈ ಮನುಷ್ಯ ಒಂದು ಬೀಕರು ಕಾಫಿಯಲ್ಲಿ ಮುಗಿಸಿಕೊಳ್ಳಲು ಬಂದಿದ್ದರು. ಗುರುಶಾಂತಪ್ಪ ನೆಲ ನೋಡುತ್ತಿದ್ದರು. ಸರ್ಪ್ರೈಸು ಯಾರ ಯೋಚನೆ ಎಂದು ಆಗ ನನಗೆ ಹೊಳೆಯಿತು.

"ಕೊಡಬೇಡ!" ನಾನು ಕೂಗಿದ್ದು ನನಗೇ ಕೇಳಿ ಬೆಚ್ಚಿದೆ. ಕುರ್ಚಿ ಹಿಂದಕ್ಕೆ ಬಿತ್ತು. "ಕೆಂಪಾಜಮ್ಮ, ಕೊಡಬೇಡ ಅವರಿಗೆ. ಎರಡು ಮಂಡಿ ಕುಯ್ಯುತ್ತಾರೆ, ಗರಗಸ ಹಾಕುತ್ತಾರೆ, ಗೊತ್ತೇನು ನಿನಗೆ?"

ರಾಯರು ನಿಧಾನವಾಗಿ ತಿರುಗಿದರು. "ಏನಮ್ಮಾ ಮಂಗಳಾ, ಒಂದು ಲೋಟ ಕಾಫಿಗೆ ಇಷ್ಟು ರಂಪಾನಾ? ವಯಸ್ಸಾದ ಹಾಗೆ ತಾಳ್ಮೆ ಬರಬೇಕು" ಎಂದರು.

"ಮೂವತ್ತು ವರ್ಷ ತಾಳ್ಕೊಂಡಿದ್ದೇ ಜಾಸ್ತಿ ಸಾರ್. ನಿಮ್ಮ ಮಗ ಎಲ್ಲಿ? ಸೊಸೆ ಎಲ್ಲಿ? ಮನೆಯಲ್ಲಿ ಅನ್ನ ಬಡಿಸೋರು ಸತ್ತುಹೋದ್ರಾ? ವಜ್ರದೇಹಿ ಅಂತೆ! ನಿಮ್ಮ ಬೆರಳನ್ನ ಅದ್ದಿದವರು ನೀವು, ಸುಟ್ಟುಕೊಂಡವಳು ಅವಳು. ನಾಚಿಕೆ ಆಗಲ್ವಾ?" ಎಂದೆ.

"ಮೇಡಂ, ಇವತ್ತೊಂದಿನ..." ಎಂದು ಗುರುಶಾಂತಪ್ಪ ಬಾಯಿ ತೆರೆದರು.

"ಇವತ್ತೊಂದಿನವೂ ಇಲ್ಲ. ಹಾರ ಹಾಕಿದೀರಲ್ಲ, ಓದಿ ಆ ಬೋರ್ಡು. ಒಂದನೇ ನಿಯಮ ಓದಿ. ಆ ಪತ್ರ ಬರೆದ ಮನೆಹಾಳಿ ನಾನೇ. ಹೆಸರು ಹಾಕಲಿಲ್ಲ, ಹೆದರಿದ್ದೆ. ಈಗ ಬರ್ಕೊಳ್ಳಿ ನಿಮ್ಮ ಪುಸ್ತಕದಲ್ಲಿ, ನಗು ಬರೋ ಹಾಗೆ!"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ರಾಯರ ಕೈ ಮಾತ್ರ ಇನ್ನೂ ಚಾಚಿಯೇ ಇತ್ತು, ತೋರುಬೆರಳಿನ ತುದಿ ಇವತ್ತಿಗೂ ಒರಟು. ಕೆಂಪಾಜಮ್ಮ ಆ ಕೈಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಟ್ರೇಯನ್ನು ಬಿಳಿ ಬಟ್ಟೆ ಹಾಸಿದ ಬೆಂಚಿನ ಮೇಲೆ ಇಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಕಾಪಿ ಮಾಡಿವ್ನಿ ಸಾಮಿ. ಬೇಕಾದೋರು ಎತ್ಕಳಿ" ಎಂದಳು.

ಯಾರೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ತಮ್ಮದು ತಮಗೇ. ಇಪ್ಪತ್ತು ಬೀಕರು ಕಾಫಿ ಬೆಂಚಿನ ಮೇಲೆ ಕೆನೆಗಟ್ಟಿತು. ರಾಯರು ಕೈಯನ್ನು ಮಡಿಲಿಗೆ ಎಳೆದುಕೊಂಡರು. ನಾನು ಆ ಮುಖ ನೋಡಿ ಮರುಕಪಡುತ್ತೇನೆಂದು ಕಾದೆ, ಆಗಲಿಲ್ಲ. ಮುದುಕ ನಿಜವಾಗಿ ಹೆದರಿದ್ದ. ಹೆದರಲಿ ಎನ್ನಿಸಿತು.

ಕೆಂಪಾಜಮ್ಮನನ್ನು ಮನೆಗೆ ಕರೆದುಕೊಂಡು ಹೊರಟೆ. ಏನೋ ಸಾಧಿಸಿದ ಗರ್ವವಿತ್ತೆಂದು ಒಪ್ಪಿಕೊಳ್ಳಬೇಕು. ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಮೂರು ಬೀದಿ ದಾಟಿದ ಮೇಲೆ ತಟ್ಟನೆ ನಿಂತು ತಿರುಗಿದಳು. ಇಷ್ಟು ವರ್ಷದಲ್ಲಿ ಅವಳ ಮುಖದಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು.

"ಆವಯ್ಯನ ಆಪ್ರೇಸನ್ ಸುದ್ದಿ ನಂಗೆ ಗೊತ್ತಿರ್ನಿಲ್ವಾ ಮೇಡಮ್ಮೋರೇ? ಗುರುಸಾಂತಪ್ಪೋರು ಮನೆ ಬಾಗ್ಲಿಗೆ ಬಂದಾಗ್ಲೇ ಗೊತ್ತಾಯ್ತು. ಗೊತ್ತಾಗೇ ಒಪ್ಕಂಡೆ. ಎಲ್ರೂ ಕೂತಿರ್ತಾರೆ, ಆವಯ್ಯ ಕೈ ಚಾಚ್ತದೆ, ನಾನು ಟ್ರೇ ಕೆಳಗಿಟ್ಟು ಎತ್ಕಳಿ ಅಂತೀನಿ. ವಾರದಿಂದ ಆ ಒಂದು ಮಾತು ಬಾಯಲ್ಲಿಟ್ಕಂಡಿದ್ದೆ. ನೀವು ನಡುವೆ ಬಂದು ಕೂಗಿಬುಟ್ರಿ. ಈಗ ಊರೆಲ್ಲ ಏನಂತದೆ? ಮಂಗಳಾ ಮೇಡಮ್ಮು ಕೆಂಪಾಜಿನ ಉಳಿಸಿದ್ರು ಅಂತದೆ. ಬಾಯಿ ಬುಡಬೇಕಾದಾಗ ಕಾಗ್ದ ಬರೆದ್ರಿ, ಸುಮ್ನಿರಬೇಕಾದಾಗ ಬಾಯಿ ಬುಟ್ರಿ" ಎಂದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಗರ್ವ ಅಲ್ಲೇ ರಸ್ತೆಯಲ್ಲಿ ಇಳಿದುಹೋಯಿತು. "ಊಟಕ್ಕೆ ಬನ್ನಿ" ಎಂದೆ, ಮೊದಲ ಸಲ ಬಹುವಚನ ಹಚ್ಚಿ. "ಬಂದೆ ನಡೀರಿ, ಹಸಿವಾಗದೆ" ಎಂದಳು.

ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಇತ್ತು. ತಟ್ಟೆ ಇಟ್ಟೆ. ಅವಳು ಅಭ್ಯಾಸಬಲದಿಂದ ಅನ್ನದ ಸೌಟಿಗೆ ಕೈಹಾಕಿದಳು. "ಕೂತ್ಕೊಳ್ಳಿ, ಬಡಿಸ್ತೀನಿ" ಎಂದೆ. "ನಂಗೆ ಯಾರೂ ಬಡಿಸೋದು ಬ್ಯಾಡ. ನಮ್ಮವ್ವ ಬಡಿಸಿದ್ದೇ ಕೊನೆ, ನಂಗೆ ಆಗ ಒಂಬತ್ತು ವರ್ಸ" ಎಂದಳು. ಮಗಳ ಕೈಯಲ್ಲೂ ಅವಳು ಒಂದು ತುತ್ತು ತಿಂದಿರಲಿಲ್ಲ. "ಸುಮ್ಮನೆ ಕೂತ್ಕೊಳ್ಳಿ ಅಂದೆ!" ಎಂದು ಗದರಿದೆ. ನನ್ನ ಸಿಟ್ಟಿಗೆ ಇನ್ನೇನೂ ಕೆಲಸ ಉಳಿದಿರಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈ ಹಿಂದೆಗೆದು ಕೂತಳು. ಅನ್ನ ಬಡಿಸಿದೆ, ಸಾರು ಬಡಿಸಿದೆ, ಪಲ್ಯ ಬಡಿಸಿದೆ, ಕೊನೆಗೆ ಮಜ್ಜಿಗೆ. ಅವಳು ಒಂದು ಅಗುಳೂ ಬಿಡದೆ ಉಂಡಳು.

ಕೈ ತೊಳೆದು ಬಂದು ನನ್ನೆದುರು ಕೂತಳು. ಎಡಗೈಯನ್ನು ತೊಡೆಯ ಮೇಲೆ ಚಾಚಿ, ಮುಂಗೈ ಚರ್ಮವನ್ನು ಬಲಗೈ ಉಗುರಿನಲ್ಲಿ ಹಿಡಿದು ಚಿವುಟಿಕೊಂಡಳು. ನನ್ನ ಮುಂಗೈ ಚುರುಕ್ ಎಂದಿತು. "ಅಯ್ಯೋ" ಎಂದೆ.

"ಬಂತಾ?" ಎಂದು ಕೇಳಿದಳು, ಕಣ್ಣರಳಿಸಿ.

"ಬಂತು."

"ನಂಗೇನೂ ಗೊತ್ತೇ ಆಗ್ನಿಲ್ಲ!" ತನ್ನ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡಳು. ಉಗುರಿನ ಗುರುತು ಕೆಂಪಗೆ ಮೂಡಿತ್ತು. "ಇಂಗಿರ್ತಿತ್ತಾ ನಿಮಗೆಲ್ಲಾ?" ಎಂದು ನಕ್ಕಳು. ಚಿಕ್ಕ ಹುಡುಗಿಯ ನಗು ಅದು. ನಾನೂ ನಕ್ಕೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವಳ ನಗು ನಿಂತಿತು. ಮತ್ತೆ ಅದೇ ಜಾಗಕ್ಕೆ ಉಗುರಿಟ್ಟಳು. ಈ ಸಲ ಅವಳು ತನ್ನ ಕೈಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಹಿಡಿದು, ತಿರುವಿ, ಬಿಡದೆ ಹಿಂಡಿದಳು. ನಾನು ತುಟಿ ಕಚ್ಚಿಕೊಂಡೆ. ಸಾಕು ಎನ್ನುವ ಹಕ್ಕು ನನಗಿದೆ ಎನ್ನಿಸಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.